ಮಕ್ಕಳ ಟಿ.ವಿ. ವೀಕ್ಷಣೆ: ಹೊಣೆ ಯಾರದು?



ಕಳೆದ ಬೇಸಗೆಯ ರಜೆಯಲ್ಲಿ ಐದು ವರ್ಷದ ನನ್ನ ಮೊಮ್ಮಗ ಊಟದ ತಟ್ಟೆಯ ಮುಂದೆ ಕುಳಿತು, ಕುಡಿಯುವ ನೀರನ್ನು ಹಿಂದಿಯಲ್ಲಿ ಕೇಳಿದ. ನಮ್ಮ ಮನೆಯಲ್ಲಿ ಹಿಂದಿ ಆಡುವವರು ಯಾರೂ ಇಲ್ಲ. ಅದು ಕಾರ್ಟೂನ್ ವಾಹಿನಿಯಿಂದ ಬಂದ ನುಡಿ. ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಇದನ್ನೆಲ್ಲ ಸರ್ಕಾರ ಏಕೆ ತಡೆಯಬಾರದು?” ಎಂದು ಗುಡುಗಿದೆ. ನನ್ನ ಸೊಸೆ ಮೆಲ್ಲಗೆ, “ಮಾವನವರೆ, ಮಧ್ಯಾಹ್ನ ನೀವು ಓದುವಾಗ ಗಲಾಟೆ ಮಾಡದಿರಲೆಂದು ಅವನನ್ನು ಟಿ.ವಿ. ಮುಂದೆ ಕೂರಿಸುತ್ತಿದ್ದವರು ನೀವೇ ಅಲ್ಲವೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ನನ್ನ ಮಾತುಗಳು ಆ ಮೌನದಿಂದ ಹುಟ್ಟಿದವು.

ಸರ್ಕಾರ ಏನನ್ನೂ ಮಾಡಿಲ್ಲವೆಂದು ಹೇಳುವಂತಿಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳು ಮಕ್ಕಳ ವಿಷಯದಲ್ಲಿ ಸ್ಪಷ್ಟವಾಗಿಯೇ ಮಾತನಾಡುತ್ತವೆ. ಮಕ್ಕಳಿಗಾಗಿ ಸಿದ್ಧವಾದ ಕಾರ್ಯಕ್ರಮಗಳಲ್ಲಿ ಕೆಟ್ಟ ಭಾಷೆಯಾಗಲಿ ಹಿಂಸೆಯ ನೇರ ದೃಶ್ಯಗಳಾಗಲಿ ಇರಕೂಡದು. ಮಕ್ಕಳಿಗೆ ತಕ್ಕುದಲ್ಲದ್ದನ್ನು, ಅವರು ಅತಿ ಹೆಚ್ಚು ಸಂಖ್ಯೆಯಲ್ಲಿ ನೋಡುವ ವೇಳೆಯಲ್ಲಿ ಪ್ರಸಾರ ಮಾಡಕೂಡದು. ಮಾತು ಸರಿಯೇ. ಆದರೆ ಆ ವೇಳೆ ಯಾವುದು? ಬ್ರಿಟನ್ನಿನಲ್ಲಿ ರಾತ್ರಿ 9 ಗಂಟೆಯನ್ನು ಗಡಿಯೆಂದು ಇಟ್ಟುಕೊಂಡಿದ್ದಾರೆ. ಅಷ್ಟು ಹೊತ್ತಿಗೆ ಮಗು ತನ್ನ ಕೋಣೆಯಲ್ಲಿ ಮಲಗಿರುತ್ತದೆಂಬ ನಂಬಿಕೆ ಅದರ ಹಿಂದಿದೆ. ನಮ್ಮಲ್ಲಿಯಾದರೋ ಒಂದೇ ಕೋಣೆಯ ಮನೆಗಳು ಎಷ್ಟೋ ಇವೆ. ಅಲ್ಲಿ ಅಜ್ಜಿಯ ಧಾರಾವಾಹಿಯೇ ಮೊಮ್ಮಗಳ ಧಾರಾವಾಹಿ. ಗಡಿಯಾರ ನೋಡಿ ಹಾಕಿದ ಬೇಲಿ ಅಲ್ಲಿ ನಿಲ್ಲುವುದಿಲ್ಲ.

ಸ್ವೀಡನ್ ದೇಶ 12 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಟ್ಟ ಟಿ.ವಿ. ಜಾಹೀರಾತುಗಳನ್ನೇ ನಿಷೇಧಿಸಿತು, ಆದರೆ ಬ್ರಿಟನ್ನಿನಿಂದ ಉಪಗ್ರಹದ ಮೂಲಕ ಬಂದ ವಾಹಿನಿಗಳಿಗೆ ಆ ನಿಷೇಧ ತಾಗಲಿಲ್ಲ. ಅಮೆರಿಕ 1996ರ ಕಾಯಿದೆಯ ಮೂಲಕ, 13 ಅಂಗುಲ ಮತ್ತು ಅದಕ್ಕೂ ದೊಡ್ಡ ಟಿ.ವಿ. ಪೆಟ್ಟಿಗೆಗಳಲ್ಲಿ, ಬೇಡದ ಕಾರ್ಯಕ್ರಮಗಳನ್ನು ತಡೆಯುವ ಪುಟ್ಟ ಸಾಧನವೊಂದನ್ನು ಕಡ್ಡಾಯಗೊಳಿಸಿತು. ನಮ್ಮ ದೇಶದ 2021ರ ನಿಯಮಗಳೂ ಅಂತರ್ಜಾಲದ ಮೂಲಕ ಬರುವ ಚಿತ್ರಗಳಿಗೆ ವಯೋಮಾನದ ವರ್ಗೀಕರಣವನ್ನೂ, 13 ವರ್ಷ ಮತ್ತು ಮೇಲಿನ ವರ್ಗಗಳಿಗೆ ಬೀಗದ ಸೌಲಭ್ಯವನ್ನೂ ವಿಧಿಸಿವೆ. ಬೀಗ ದೊರಕಿದೆ, ಅದನ್ನು ಹಾಕಬೇಕಾದವರು ಮನೆಯವರು. ನಮ್ಮ ಮನೆಯಲ್ಲಿ ಆ ಬೀಗದ ಮರ್ಮ ನನಗಿಂತ ಮೊಮ್ಮಗನಿಗೇ ಚೆನ್ನಾಗಿ ತಿಳಿದಿದೆ!

ಹಾಗಾದರೆ ಹೊಣೆಯೆಲ್ಲ ತಂದೆತಾಯಿಗಳದೆಂದು ಕೈತೊಳೆದುಕೊಳ್ಳೋಣವೆ? ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಕಡಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಮ್ಮ ಮನೆಗೆಲಸಕ್ಕೆ ಬರುವ ತಾಯಿ ನಸುಕಿನಲ್ಲಿ ಮನೆ ಬಿಟ್ಟರೆ ಮತ್ತೆ ಸೇರುವುದು ಸಂಜೆಗೆ. ಮಗುವನ್ನು ಬಾಗಿಲೊಳಗೆ ಹಿಡಿದಿಡುವುದು ಆ ಪೆಟ್ಟಿಗೆಯೇ. “ನಿನ್ನ ಹೊಣೆ ನೀನು ಹೊರು” ಎಂದು ಆಕೆಗೆ ಹೇಳಲು ನನಗೆ ಬಾಯಿ ಬಾರದು. ಓಣಿಯಲ್ಲೊಂದು ಆಟದ ಬಯಲು, ಒಂದು ಶಿಶುವಿಹಾರ, ಮಕ್ಕಳು ಮುಟ್ಟಬಹುದಾದ ಪುಸ್ತಕಗಳ ಒಂದು ವಾಚನಾಲಯ ಇಲ್ಲದಿದ್ದರೆ, ನೋಡಬೇಡ ಎಂಬ ಉಪದೇಶಕ್ಕೆ ಅರ್ಥವೇನು?

ಸರ್ಕಾರ ತಡೆಯುವುದಷ್ಟೇ ಅಲ್ಲ, ಕೊಡುವುದನ್ನೂ ಬಲ್ಲದು. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸುವ ಪ್ರಯೋಗ ನಡೆಯಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ, ಕನ್ನಡದಲ್ಲಿಯೇ ಕಾರ್ಯಕ್ರಮ. ಊರಿಗೊಂದೇ ಪೆಟ್ಟಿಗೆಯಾದ್ದರಿಂದ ಮಗು ಒಂಟಿಯಾಗಿ ನೋಡುವ ಪ್ರಮೇಯವೇ ಇರಲಿಲ್ಲ. ಆ ಕಾಲ ಮರಳಿ ಬಾರದು. ಆದರೆ ಕನ್ನಡದ ಮಕ್ಕಳಿಗಾಗಿ, ಕನ್ನಡದಲ್ಲಿ, ಜಾಹೀರಾತಿನ ಹಂಗಿಲ್ಲದ ಕಾರ್ಯಕ್ರಮಗಳನ್ನು ಸಾರ್ವಜನಿಕ ಹಣದಿಂದ ಮಾಡಿಸುವುದು ಇಂದಿಗೂ ಅಸಾಧ್ಯವಲ್ಲ.

ಆದುದರಿಂದ ಏನು ಬರಬೇಕು, ಏನು ಬರಕೂಡದು ಎಂಬುದನ್ನು ಸರ್ಕಾರ ನೋಡಿಕೊಳ್ಳಲಿ. ಎಷ್ಟು ಹೊತ್ತು, ಯಾರ ಜೊತೆಯಲ್ಲಿ ಎಂಬುದು ಮನೆಯ ಮಾತು. ಪಕ್ಕದಲ್ಲಿ ಕೂರುವ ಹಿರಿಯನನ್ನು ಯಾವ ಕಾಯಿದೆಯೂ ಕಳುಹಿಸಿಕೊಡಲಾರದು.

ಈಗ ಮೊಮ್ಮಗನಿಗೆ ದಿನಕ್ಕೆ ಅರ್ಧ ಗಂಟೆಯ ಟಿ.ವಿ. ನಾನೂ ಜೊತೆಯಲ್ಲಿ ಕೂರುತ್ತೇನೆ. ಮುಗಿದ ಮೇಲೆ, “ಏನಾಯಿತಪ್ಪಾ, ನನಗೆ ತಿಳಿಯಲಿಲ್ಲ, ಹೇಳು” ಎನ್ನುತ್ತೇನೆ. ಅವನು ಕನ್ನಡದಲ್ಲಿ ಹೇಳುತ್ತಾನೆ. ಒಮ್ಮೊಮ್ಮೆ ಮೂಲದಲ್ಲಿಲ್ಲದ ಹುಲಿಯೊಂದು ಅವನ ಕತೆಯೊಳಕ್ಕೆ ಬಂದುಬಿಡುತ್ತದೆ. ನನ್ನ ಮಧ್ಯಾಹ್ನದ ಓದು ಹಿಂದೆ ಬಿದ್ದಿದೆ. ಬೀಳಲಿ.