ಕಪ್ಪಿನೊಳಗಿನ ಕಪ್ಪನ್ನು ಕಾಣುವ ಯಂತ್ರ

ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನ ಗ್ರಂಥಭಂಡಾರದಲ್ಲಿ ತಾಳೆಯೋಲೆಯ ಕಟ್ಟುಗಳಿವೆ. ಓಲೆಯ ಬರಹವು ಲೋಹದ ಕಂಟದಿಂದ ಗರಿಯನ್ನು ಕೊರೆದು, ಆ ಗೀರುಗಳಲ್ಲಿ ಕಾಡಿಗೆಯನ್ನು ತುಂಬಿ ಒರೆಸಿದ ಬರಹ. ಗೀರಿನಲ್ಲಿ ಉಳಿದ ಕಪ್ಪೇ ಅಕ್ಷರ. ಆದರೆ ಕಾಲ ಕಳೆದಂತೆ ಗರಿಯೂ ಕಪ್ಪಾಗುತ್ತದೆ. ರಕ್ಷಣೆಗೆಂದು ಸವರಿದ ಎಣ್ಣೆಯೇ ಅದನ್ನು ಇನ್ನಷ್ಟು ಮಸುಕುಗೊಳಿಸುವುದುಂಟು. ಕಪ್ಪಿನ ಮೇಲಿನ ಕಪ್ಪನ್ನು ಓದುವುದೆಂತು?

ಇದಕ್ಕೊಂದು ಉತ್ತರ 2006ರಲ್ಲಿ ಉಡುಪಿಯಲ್ಲಿ ದೊರೆಯಿತು. ಅಲ್ಲಿಯ ಮಠವೊಂದರಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಪ್ರತಿಯಿತ್ತು. ಒಟ್ಟು 340 ಗರಿಗಳು. ಒಂದೊಂದೂ 26 ಅಂಗುಲ ಉದ್ದ, 2 ಅಂಗುಲ ಅಗಲ. ಅಮೆರಿಕದ ರಾಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಹಾಗೂ ರೋಜರ್ ಈಸ್ಟನ್ ಅವರ ತಂಡವು ಆರು ದಿನ ಕುಳಿತು ಅದರ ಚಿತ್ರಗಳನ್ನು ತೆಗೆಯಿತು.

ಅವರು ನೆಚ್ಚಿದ್ದು ಕೆಂಪಿನಿಂದಾಚೆಗಿರುವ ಅವಕೆಂಪು ಬೆಳಕನ್ನು. ನಮ್ಮ ಕಣ್ಣು ಸುಮಾರು 700 ನ್ಯಾನೊಮೀಟರಿನಾಚೆಯ ಬೆಳಕನ್ನು ಕಾಣಲಾರದು. ಕ್ಯಾಮೆರಾದ ಸಿಲಿಕಾನ್ ಫಲಕವು ಸುಮಾರು 1000ದವರೆಗೂ ಕಾಣಬಲ್ಲದು. ಕಂದಿದ ಗರಿಯು ಈ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ, ಕಾಡಿಗೆಯ ಇಂಗಾಲವು ನುಂಗಿಬಿಡುತ್ತದೆ. ಹೀಗಾಗಿ ಚಿತ್ರದಲ್ಲಿ ಗರಿ ಬೆಳ್ಳಗಾಗುತ್ತದೆ, ಅಕ್ಷರ ಕಪ್ಪಾಗಿಯೇ ಉಳಿಯುತ್ತದೆ! ಗರಿಯ ಒಂದೊಂದು ಮಗ್ಗುಲನ್ನೂ ಎಂಟು ಹತ್ತು ತುಂಡುಗಳಾಗಿ ಹಿಡಿದುದರಿಂದ ಒಟ್ಟು 7,900 ಚಿತ್ರಗಳಾದವು. ಅವನ್ನು ಗಣಕದಲ್ಲಿ ಹೊಲಿದು ಒಂದಾಗಿಸಲಾಯಿತು.

ಕಾಗದದ ಪುಸ್ತಕಗಳ ಹಾಳೆ ಮಗುಚುವ ಯಂತ್ರಗಳು ಈಗ ಬಂದಿವೆ. ಬಿರುಕುಬಿಟ್ಟ ಗರಿಯನ್ನು ಅವಕ್ಕೊಪ್ಪಿಸಲು ನಾವಂತೂ ಒಪ್ಪೆವು.

ಚಿತ್ರವಾದ ಮಾತ್ರಕ್ಕೆ ಯಂತ್ರವು ಓದಿದಂತಾಯಿತೆ? ಇಲ್ಲ. ಮೊದಲು ಅಕ್ಷರವನ್ನು ಹಿನ್ನೆಲೆಯಿಂದ ಬೇರ್ಪಡಿಸಬೇಕು. ಇಡೀ ಗರಿಗೆ ಒಂದೇ ಅಳತೆಗೋಲಿಟ್ಟರೆ ಕಲೆಯಾದ ಮೂಲೆಯೆಲ್ಲವೂ ಅಕ್ಷರವಾಗಿಬಿಡುತ್ತದೆ. ಆದುದರಿಂದ ಪ್ರತಿಯೊಂದು ಬಿಂದುವನ್ನೂ ಅದರ ನೆರೆಯ ಬಿಂದುಗಳೊಡನೆ ಹೋಲಿಸಿ ತೀರ್ಮಾನಿಸಬೇಕು. ಆ ಬಳಿಕವೂ ತೊಡಕುಗಳು ಮುಗಿಯವು. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಮೇಲಿನ ಸಾಲಿನ ಒತ್ತಕ್ಷರವು ಕೆಳಸಾಲಿನ ತಲೆಗೆ ತಾಗುತ್ತದೆ. ಹುಳು ಕೊರೆದ ತೂತು ಕನ್ನಡದ ಸೊನ್ನೆಯಂತೆಯೇ ತೋರುತ್ತದೆ.

ಯಂತ್ರಕ್ಕೆ ಇವನ್ನು ಕಲಿಸಲು, ಬಲ್ಲವರು ಗುರುತಿಸಿಕೊಟ್ಟ ಸಾವಿರಾರು ಅಕ್ಷರಗಳ ಮಾದರಿ ಬೇಕು. ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳನ್ನು ಸರಾಗವಾಗಿ ಓದಬಲ್ಲವರು ಇಂದು ವಿರಳ. ಗರಿಗಳು ಸವೆಯುವುದಕ್ಕೆ ಮುಂಚೆಯೇ ಓದುವವರು ಇಲ್ಲವಾಗಬಹುದೆಂಬುದೇ ಇಲ್ಲಿನ ನಿಜವಾದ ಆತಂಕ. ಆ ತೂತಿನ ಮಾತನ್ನೇ ನೋಡಿರಿ: ಪದ್ಯವಾಗಿದ್ದರೆ ವಿದ್ವಾಂಸರು ಕ್ಷಣಮಾತ್ರದಲ್ಲಿ ಹೇಳಬಲ್ಲರು. ಸೊನ್ನೆಯಿದ್ದರೆ ಅಕ್ಷರವು ಗುರು. ಅಲ್ಲಿ ಛಂದಸ್ಸು ಲಘುವನ್ನು ಬೇಡುತ್ತಿದ್ದರೆ ಅದು ಹುಳುವಿನ ಕೆಲಸ.