ಮಡಿಕೇರಿಯ ಮನೆಯಿಂದ ಜೋಜಿಲಾ ಕಣಿವೆಗೆ

ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುವುದು ಕೊಡವರ ಹಳೆಯ ವಾಡಿಕೆ. ಆ ನಾಡಿನಲ್ಲೂ ಒಂದೇ ಮನೆಯ ಮೂವರು ಗಂಡುಮಕ್ಕಳು ಸೇನಾಧಿಕಾರಿಗಳಾದುದು ವಿಶೇಷವೇ ಸರಿ. ಮಡಿಕೇರಿಯ ‘ಸನ್ನಿಸೈಡ್’ ಮನೆಯ ಪೊನ್ನಪ್ಪ, ತಿಮ್ಮಯ್ಯ, ಸೋಮಯ್ಯ ಸಹೋದರರು ಒಂದೇ ವೃತ್ತಿಯನ್ನು ಹಿಡಿದರು. ವಿಧಿ ಮಾತ್ರ ಮೂವರನ್ನೂ ಮೂರು ದಾರಿಗೆ ಒಯ್ದಿತು.

1906ರ ಮಾರ್ಚ್ 31ರಂದು ಜನಿಸಿದ ತಿಮ್ಮಯ್ಯನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೈನ್ಯ ಸೇರಿದರು. ದೇಶವೆಲ್ಲ ಸ್ವಾತಂತ್ರ್ಯಕ್ಕೆ ಹೋರಾಡುತ್ತಿರುವಾಗ ತಾನು ಪರರ ಸಮವಸ್ತ್ರ ತೊಟ್ಟಿರುವುದು ಯುಕ್ತವೇ ಎಂಬ ಅಳುಕು ಆ ತರುಣನನ್ನು ಕಾಡಿತು. ಅಲಹಾಬಾದಿನಲ್ಲಿದ್ದಾಗ ಮೋತಿಲಾಲ್ ನೆಹರೂ ಅವರನ್ನೇ ಕೇಳಿದರೆಂದೂ, ಸ್ವತಂತ್ರ ಭಾರತಕ್ಕೆ ನುರಿತ ಅಧಿಕಾರಿಗಳು ಬೇಕಾಗುವರು, ಸೈನ್ಯವನ್ನು ಬಿಡಬೇಡವೆಂದು ಆ ಹಿರಿಯರು ತಿಳಿಹೇಳಿದರೆಂದೂ ಅವರ ಜೀವನಚರಿತ್ರೆಯಲ್ಲಿದೆ. ತಿಮ್ಮಯ್ಯನವರು ಉಳಿದರು. ಅಣ್ಣ ಪೊನ್ನಪ್ಪನವರಾದರೋ ಮಹಾಯುದ್ಧಕಾಲದಲ್ಲಿ ನೇತಾಜಿಯವರ ಆಜಾದ್ ಹಿಂದ್ ಫೌಜನ್ನು ಸೇರಿದರು. ತಮ್ಮನು ಬರ್ಮಾದ ಅರಾಕಾನಿನಲ್ಲಿ ಜಪಾನೀಯರೊಡನೆ ಸೆಣಸುತ್ತಿದ್ದನು! ಇಬ್ಬರಲ್ಲಿ ಯಾರ ದೇಶಭಕ್ತಿ ಹೆಚ್ಚಿನದೆಂದು ತೂಗಲು ನಾವು ಯಾರು?

ಸ್ವಾತಂತ್ರ್ಯದ ಬೆನ್ನಿಗೇ ಕಾಶ್ಮೀರದ ಯುದ್ಧ. ಕಿರಿಯವರಾದ ಸೋಮಯ್ಯನವರು ಅಲ್ಲಿ ನೆಲಬಾಂಬಿಗೆ ಬಲಿಯಾದರು. ಅದೇ ರಣರಂಗದಲ್ಲಿ ತಿಮ್ಮಯ್ಯನವರು 19ನೆಯ ಡಿವಿಷನ್ನಿನ ದಂಡನಾಯಕರು. ಲಡಾಖಿನ ದಾರಿಯನ್ನು ಶತ್ರುಗಳು ಜೋಜಿಲಾದಲ್ಲಿ ಕಟ್ಟಿಹಾಕಿದ್ದರು. ಪದಾತಿದಳದ ಮುತ್ತಿಗೆಗಳು ವಿಫಲವಾಗಿದ್ದವು. ಸುಮಾರು 11,500 ಅಡಿ ಎತ್ತರದ ಆ ಹಿಮದ ಕಣಿವೆಗೆ ಟ್ಯಾಂಕುಗಳನ್ನು ಏರಿಸಬೇಕೆಂಬುದು ಹುಚ್ಚು ಸಾಹಸವೆಂದೇ ತೋರುವಂಥದು. ನಮ್ಮ ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು ಹೇಸರಗತ್ತೆಯ ಹಾದಿಯನ್ನು ಅಗಲಿಸಿಕೊಟ್ಟರು. ಟ್ಯಾಂಕುಗಳ ಮೇಲಣ ಫಿರಂಗಿಗೋಪುರಗಳನ್ನು ಕಳಚಿ, ಗುಟ್ಟು ಬಯಲಾಗದಂತೆ ಸಾಗಿಸಲಾಯಿತು. 1948ರ ನವೆಂಬರ್ 1ರಂದು ಅವು ಕಣಿವೆಯಲ್ಲಿ ಗರ್ಜಿಸಿದಾಗ ಶತ್ರುಗಳು ದಿಗ್ಭ್ರಾಂತರಾದರು. ದಂಡನಾಯಕರು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಆ ತಿಂಗಳೊಳಗೇ ದ್ರಾಸ್, ಕಾರ್ಗಿಲ್‌ಗಳು ಕೈವಶವಾಗಿ ಲೇಹ್‌ಗೆ ದಾರಿ ತೆರೆಯಿತು.

ಬಳಿಕ ಕೊರಿಯಾದಲ್ಲಿ ಯುದ್ಧಕೈದಿಗಳ ತಟಸ್ಥ ಆಯೋಗದ ಅಧ್ಯಕ್ಷತೆ; 1957ರಲ್ಲಿ ಭೂಸೇನೆಯ ಮುಖ್ಯಸ್ಥ ಪದವಿ. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ವಿರಸ ಬೆಳೆದು ರಾಜೀನಾಮೆಯಿತ್ತರು. ಪ್ರಧಾನಿ ನೆಹರೂ ಅವರ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡರು. ಹಿಂತೆಗೆದುಕೊಳ್ಳಬಾರದಾಗಿತ್ತೆನ್ನುವವರು ಇಂದಿಗೂ ಇದ್ದಾರೆ. ಅವರು 1961ರಲ್ಲಿ ನಿವೃತ್ತರಾದರು. ಮರುವರ್ಷವೇ ಚೀನದ ಆಕ್ರಮಣವಾಯಿತು.

ವಿಶ್ವಸಂಸ್ಥೆ 1964ರಲ್ಲಿ ಅವರನ್ನು ಸೈಪ್ರಸ್‌ನ ಶಾಂತಿಪಡೆಗೆ ನಾಯಕರನ್ನಾಗಿ ಕರೆಯಿತು. ಗ್ರೀಕರನ್ನೂ ತುರ್ಕರನ್ನೂ ಸಮಾಧಾನಪಡಿಸುವ ಆ ಕಾರ್ಯದಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು ತೀರಿಕೊಂಡರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಮಣ್ಣು ಮಾಡಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು. ‘ಸನ್ನಿಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮಡಿಕೇರಿಗೆ ಹೋದವರು ನೋಡಿ ಬರಬಹುದು.