ಒಂದೇ ಸೀಟು, ಹತ್ತು ಬೆಲೆ: ಅಟ್ಲಾಂಟಿಕ್ ಮೇಲೆ ಮಲಗಿಕೊಂಡು ಹೋಗುವ ಲೆಕ್ಕ

ಬಿಸಿನೆಸ್ ಕ್ಲಾಸ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ವಿಮಾನ ಹತ್ತಿದ ಮೇಲೆ ದಾಟಿಕೊಂಡು ಹಿಂದಕ್ಕೆ ಹೋಗುವ ಜಾಗ. ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿರುವ ನಮ್ಮ ಸೀನಿಯರ್‌ಗಳಿಗೂ ಅಷ್ಟೇ. ನಾನು ಈ ವಿಷಯದ ಹಿಂದೆ ಬಿದ್ದದ್ದು ದೊಡ್ಡಮ್ಮನ ದೆಸೆಯಿಂದ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಮ್ಯೂನಿಕ್‌ನಲ್ಲಿ. ಮಗನ ಮನೆಯಲ್ಲಿದ್ದ ದೊಡ್ಡಮ್ಮ ಮಗಳ ಬಾಣಂತನಕ್ಕೆ ಹೋಗಲೇಬೇಕು. ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ, ರಾತ್ರಿಯಿಡೀ ಕಾಲು ಮಡಚಿ ಕೂರೋಕಾಗಲ್ಲ. ಮೊದಲ ಸಲ ರೇಟು ನೋಡಿದ ಅಣ್ಣ ಲ್ಯಾಪ್‌ಟಾಪ್ ಮುಚ್ಚಿಟ್ಟುಬಿಟ್ಟಿದ್ದ.

ಆ ರೇಟು ಎಲ್ಲಿಂದ ಬರತ್ತೆ ಅನ್ನೋದನ್ನ ಮೊದಲು ನೋಡೋಣ. ಕ್ಯಾಬಿನ್‌ನಲ್ಲಿ 30 ಮಲಗುವ ಸೀಟುಗಳಿದ್ದರೆ ಅವಕ್ಕೆ ಒಂದೇ ಬೆಲೆ ಇರಲ್ಲ. ಲುಫ್ತಾನ್ಸಾದಂಥ ಕಂಪನಿಗಳು ಅವನ್ನು ಜೆ, ಸಿ, ಡಿ, ಝಡ್, ಪಿ ಅಂತ ಅಕ್ಷರಗಳ ಬುಟ್ಟಿಗಳಿಗೆ ಹಂಚುತ್ತವೆ. ಸೀಟು ಅದೇ, ಊಟ ಅದೇ. ಬದಲಾಗೋದು ಬೆಲೆ ಮತ್ತು ನಿಯಮ: ಎಷ್ಟು ದಿನ ಮುಂಚೆ ಕೊಳ್ಳಬೇಕು, ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತದೆಯೋ ಇಲ್ಲವೋ, ಅಲ್ಲಿ ಶನಿವಾರ ರಾತ್ರಿ ಉಳಿಯಬೇಕೋ ಬೇಡವೋ. ಶನಿವಾರದ ಈ ನಿಯಮ ಹಳೆಯ ಕಿಲಾಡಿ ಉಪಾಯ. ಕಂಪನಿ ಖರ್ಚಿನಲ್ಲಿ ಮೀಟಿಂಗ್‌ಗೆ ಹೋದವನು ಶುಕ್ರವಾರ ಮನೆಗೆ ಓಡುತ್ತಾನೆ. ಸ್ವಂತ ದುಡ್ಡಿನಲ್ಲಿ ಹೋದವರು ವೀಕೆಂಡ್ ಉಳಿಯುತ್ತಾರೆ. ಒಂದೇ ನಿಯಮದಲ್ಲಿ ಇಬ್ಬರೂ ಬೇರೆಯಾದರು.

ಕಡಿಮೆ ಬೆಲೆಯ ಬುಟ್ಟಿಯನ್ನು ಎಷ್ಟು ಹೊತ್ತು ತೆರೆದಿಡಬೇಕು? 1972ರಲ್ಲಿ ಬ್ರಿಟನ್ನಿನ ಬಿಒಎಸಿ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್ ಇದಕ್ಕೊಂದು ಸೂತ್ರ ಕೊಟ್ಟರು. ದುಬಾರಿ ಟಿಕೆಟ್ 6,000 ಡಾಲರ್, ಅಗ್ಗದ್ದು 2,400 ಡಾಲರ್ ಅಂತಿಟ್ಟುಕೊಳ್ಳಿ. 2,400 ಭಾಗಿಸು 6,000 ಅಂದರೆ 0.4. ಈಗ ಕೈಯಲ್ಲಿರುವ ಸೀಟು ಮುಂದೆ 6,000ಕ್ಕೆ ಹೋಗುವ ಸಂಭವನೀಯತೆ 0.4ಕ್ಕಿಂತ ಹೆಚ್ಚಿದ್ದರೆ ಅಗ್ಗದ ಗಿರಾಕಿಯನ್ನು ವಾಪಸ್ ಕಳಿಸು, ಕಡಿಮೆಯಿದ್ದರೆ ಮಾರಿಬಿಡು. ಮೂರನೇ ಸೆಮಿಸ್ಟರ್ ಪ್ರಾಬಬಿಲಿಟಿ, ಅಷ್ಟೇ. ಇವತ್ತಿನ ಸಾಫ್ಟ್‌ವೇರ್ ಇದಕ್ಕಿಂತ ಬಹಳ ಮುಂದೆ ಹೋಗಿದೆ, ಆದರೆ ಬೇರು ಇದೇ. ದೀಪಾವಳಿ ಹಿಂದಿನ ದಿನ ಹುಬ್ಬಳ್ಳಿಗೆ ಹೋಗುವ ಖಾಸಗಿ ಸ್ಲೀಪರ್ ಬಸ್ಸಿನವರೂ ಮನಸ್ಸಿನಲ್ಲೇ ಹಾಕುವ ಲೆಕ್ಕ ಇದು.

ಹಾಗಾದರೆ ನಾವು ಹುಡುಕಬೇಕಾದ್ದು ಆ ಸಂಭವನೀಯತೆ ತಾನಾಗೇ ಕುಸಿಯುವ ದಿನಗಳನ್ನು. ಆಫೀಸಿನವರು ಓಡಾಡದ ದಿನಗಳು ಅಂದರೆ ಜುಲೈ ಕೊನೆ, ಆಗಸ್ಟ್, ಕ್ರಿಸ್ಮಸ್ ಆಸುಪಾಸು. ತಮಾಷೆ ಏನಂದರೆ, ಬೇಸಿಗೆ ರಜೆಯಲ್ಲಿ ಎಕಾನಮಿ ತುಂಬಿ ತುಳುಕುವಾಗಲೇ ಮುಂದಿನ ಕ್ಯಾಬಿನ್‌ಗೆ ರಿಯಾಯಿತಿ ದರ ಬರುವುದುಂಟು. ಆದರೆ ಆ ದರಗಳಿಗೆ ಹಲವು ವಾರ ಮುಂಚೆಯೇ ಕೊಳ್ಳಬೇಕು. ಕೊನೇ ಗಳಿಗೆಯಲ್ಲಿ ಅಗ್ಗವಾಗತ್ತೆ ಅಂತ ಕಾಯೋದು ಈ ಕ್ಯಾಬಿನ್‌ನಲ್ಲಿ ಜೂಜು. ಕೊನೇ ಗಳಿಗೆಯಲ್ಲಿ ಬರುವವನೇ 6,000 ಕೊಡುವ ಗಿರಾಕಿ.

ಎರಡನೇ ವಿಷಯ, ಬೆಲೆ ದೂರಕ್ಕಲ್ಲ, ಪೈಪೋಟಿಗೆ. ನ್ಯೂಯಾರ್ಕ್ ಕಡೆಯಿಂದ ಮ್ಯೂನಿಕ್‌ಗೆ ನೇರ ಹೋಗುವ ಕಂಪನಿಗಳು ಕೆಲವೇ, ಅವಕ್ಕೆ ಗಿರಾಕಿಯ ಸಮಯದ ಬೆಲೆ ಗೊತ್ತು. ಅದೇ ಲಿಸ್ಬನ್ ಮೂಲಕ ಸುತ್ತಿಸುವ ಟಾಪ್, ಡಬ್ಲಿನ್ ಮೂಲಕ ಸುತ್ತಿಸುವ ಏರ್ ಲಿಂಗಸ್, ರೇಕ್ಯಾವಿಕ್ ಮೂಲಕದ ಐಸ್‌ಲ್ಯಾಂಡ್‌ಏರ್ ಗಿರಾಕಿಯನ್ನು ಸೆಳೆಯಲು ಬೆಲೆ ಇಳಿಸಲೇಬೇಕು. ಪ್ಯಾರಿಸ್‌ಗಾದರೆ ನ್ಯೂವಾರ್ಕ್‌ನಿಂದ ಲಾ ಕಂಪನಿ ಅನ್ನುವ ವಿಮಾನವಿದೆ: ಎ321ನಿಯೊ, ಇಡೀ ವಿಮಾನದಲ್ಲಿ 76 ಸೀಟು, ಎಲ್ಲವೂ ಬಿಸಿನೆಸ್. ಇದೇ ಕನಸು ಕಂಡಿದ್ದ ಈಯೋಸ್, ಮ್ಯಾಕ್ಸ್‌ಜೆಟ್, ಸಿಲ್ವರ್‌ಜೆಟ್ ಮೂರೂ 2007-08ರಲ್ಲಿ ಬಾಗಿಲು ಹಾಕಿದವು.

ದೊಡ್ಡಮ್ಮನಿಗೆ ಆರಿಸಿದ್ದು ಲಿಸ್ಬನ್ ದಾರಿ. ಇಲ್ಲಿ ಮೂರು ವಿಷಯ ಯಾವ ಜಾಹೀರಾತೂ ಹೇಳಲ್ಲ. ಒಂದು, ಯುರೋಪಿನ ಒಳಗಿನ ಬಿಸಿನೆಸ್ ಕ್ಲಾಸ್ ಅಂದರೆ ಬಹುತೇಕ ಎಕಾನಮಿ ಸೀಟೇ, ಪಕ್ಕದ ಸೀಟು ಖಾಲಿ ಬಿಟ್ಟಿರುತ್ತಾರೆ ಅಷ್ಟೇ. ಮಲಗಲು ಸಿಗೋದು ಸಾಗರ ದಾಟುವ ವಿಮಾನದಲ್ಲಿ ಮಾತ್ರ. ಎರಡು, ಷೆಂಗೆನ್ ಇಮಿಗ್ರೇಷನ್ ಆಗೋದು ಮೊದಲು ಇಳಿಯುವ ಊರಿನಲ್ಲಿ. ಅಂದರೆ ಮ್ಯೂನಿಕ್‌ಗೆ ಹೋಗುವವರೂ ಲಿಸ್ಬನ್‌ನಲ್ಲೇ ಸಾಲು ನಿಲ್ಲಬೇಕು. ಒಂದು ಗಂಟೆಯ ಕನೆಕ್ಷನ್ ಸಾಲದು, ನಾವು ಮೂರು ಗಂಟೆಯದ್ದು ತೆಗೆದುಕೊಂಡೆವು. ಮೂರು, ಅಮೆರಿಕದಿಂದ ಹೋಗುವಾಗ ರಾತ್ರಿ ಪ್ರಯಾಣ, ವಾಪಸ್ ಬರುವಾಗ ಸಾಮಾನ್ಯವಾಗಿ ಹಗಲು. ಹಾಸಿಗೆಗೆ ದುಡ್ಡು ಕೊಡುವುದಾದರೆ ಹೋಗುವಾಗ ಕೊಡಿ. ಬರುವಾಗ ಪ್ರೀಮಿಯಂ ಎಕಾನಮಿ ಸಾಕು. ಆದರೆ ಎರಡು ಬಿಡಿ ಟಿಕೆಟ್ ಬೇಡ. ಹಳೆಯ ದೊಡ್ಡ ಕಂಪನಿಗಳಲ್ಲಿ ಒನ್-ವೇ ದರ ಎಷ್ಟೋ ಸಲ ರೌಂಡ್ ಟ್ರಿಪ್ಪಿನ ಅರ್ಧಕ್ಕಿಂತ ತುಂಬಾ ಜಾಸ್ತಿ. ಒಂದೇ ರೌಂಡ್ ಟ್ರಿಪ್ಪಿನಲ್ಲಿ ಎರಡು ಕ್ಯಾಬಿನ್ ಬೆರೆಸಿ ಹುಡುಕಿ. ವೀಲ್‌ಚೇರ್ ಯಾವ ಕ್ಲಾಸಿನವರಿಗೂ ಪುಕ್ಕಟೆ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಹುಡುಕೋದಕ್ಕೆ ಗೂಗಲ್ ಫ್ಲೈಟ್ಸ್ ಸಾಕು. ಹೊರಡುವ ಊರಿನ ಜಾಗದಲ್ಲಿ ನ್ಯೂವಾರ್ಕ್, ಜೆಎಫ್‌ಕೆ, ಬಾಸ್ಟನ್, ವಾಷಿಂಗ್ಟನ್ ಎಲ್ಲವನ್ನೂ ಒಟ್ಟಿಗೆ ಹಾಕಿ, ಕ್ಯಾಲೆಂಡರ್ ತೆರೆಯಿರಿ. ಬಾಸ್ಟನ್‌ನಿಂದ ಸಾವಿರ ಡಾಲರ್ ಕಡಿಮೆ ಕಂಡರೆ ಹಿಂದಿನ ದಿನವೇ ಬಸ್ಸಿನಲ್ಲಿ ಅಲ್ಲಿಗೆ ಹೋಗಬಹುದು. ಇದರ ಹಿಂದಿನ ಐಟಿಎ ಸಾಫ್ಟ್‌ವೇರ್ ಕಂಪನಿ ಎಂಐಟಿಯವರದ್ದು, 2011ರಲ್ಲಿ ಗೂಗಲ್ ಕೊಂಡುಕೊಂಡಿತು. ದರದ ನಿಯಮಗಳನ್ನೆಲ್ಲ ಪೂರ್ತಿ ಲೆಕ್ಕಕ್ಕೆ ತಗೊಂಡರೆ ‘ಅತಿ ಅಗ್ಗದ ಟಿಕೆಟ್ ಯಾವುದು’ ಅನ್ನುವ ಪ್ರಶ್ನೆಯೇ ಸಾಮಾನ್ಯ ರೂಪದಲ್ಲಿ ಅನ್‌ಡಿಸೈಡಬಲ್ ಅಂತ ಅಲ್ಲಿನ ಕಾರ್ಲ್ ಡಿ ಮಾರ್ಕೆನ್ ತೋರಿಸಿದ್ದರು. ಆಟೊಮ್ಯಾಟಾ ಥಿಯರಿಯಲ್ಲಿ ಬ್ಯಾಕ್ ಉಳಿಸಿಕೊಂಡವರು ಸಮಾಧಾನಪಟ್ಟುಕೊಳ್ಳಿ.

ಇಂಟರ್‌ನೆಟ್ಟಿನ ಕೆಲವು ಉಪಾಯಗಳು ನಮ್ಮ ಪಾಸ್‌ಪೋರ್ಟಿಗೆ ಹೊಂದಲ್ಲ. ‘ಡಬ್ಲಿನ್‌ವರೆಗೆ ಒಂದು ಟಿಕೆಟ್, ಅಲ್ಲಿಂದ ಇನ್ನೊಂದು’ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಐರ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ. ಬ್ಯಾಗ್ ತೆಗೆದುಕೊಳ್ಳಲು ಹೊರಬಂದರೆ ಭಾರತೀಯರಿಗೆ ಬೇರೆ ವೀಸಾ ಬೇಕು. ಒಂದೇ ಟಿಕೆಟ್ ಇಲ್ಲದಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಕೇಳುವವರೂ ಇಲ್ಲ. ಅಗ್ಗ ಅಂತ ಮುಂದಿನ ಊರಿಗೆ ಟಿಕೆಟ್ ಮಾಡಿ ಮಧ್ಯದಲ್ಲೇ ಇಳಿದುಬಿಡೋದು ಇನ್ನೂ ಕೆಟ್ಟದ್ದು: ಬ್ಯಾಗ್ ಮುಂದಕ್ಕೆ ಹೋಗುತ್ತದೆ, ವಾಪಸ್ ಟಿಕೆಟ್ ರದ್ದಾಗುತ್ತದೆ.

ಕ್ರೆಡಿಟ್ ಕಾರ್ಡ್ ಪಾಯಿಂಟ್‌ಗಳನ್ನು ಏರ್‌ಲೈನ್ ಮೈಲಿಗಳಾಗಿ ಬದಲಿಸಿ ಒನ್-ವೇ ತೆಗೆಯುವುದು ಅಮೆರಿಕದಲ್ಲಿ ಒಳ್ಳೆಯ ದಾರಿಯೇ. ಆದರೆ ಟಿಕೆಟ್ ಸಿಗತ್ತೆ ಅಂತ ಕಣ್ಣಾರೆ ನೋಡಿದ ಮೇಲೇ ಬದಲಿಸಿ, ಒಮ್ಮೆ ಹೋದ ಪಾಯಿಂಟ್ ಸಾಮಾನ್ಯವಾಗಿ ಹಿಂದಕ್ಕೆ ಬರಲ್ಲ. ಬ್ರಿಟಿಷ್ ಏರ್‌ವೇಸ್‌ನಂಥ ಕಡೆ ಮೈಲಿಯ ಮೇಲೆ ನೂರಾರು ಡಾಲರ್ ಸರ್‌ಚಾರ್ಜ್ ಕೂಡ ಬೀಳುತ್ತದೆ. ಕಾರ್ಡಿನ ಬಾಕಿ ತಿಂಗಳು ತಿಂಗಳು ಪೂರ್ತಿ ಕಟ್ಟದವರು ಈ ಆಟಕ್ಕೇ ಇಳಿಯಬಾರದು; ಬಡ್ಡಿ ಆ ಹಾಸಿಗೆಯನ್ನು ತಿಂದುಹಾಕತ್ತೆ.

ಒಳ್ಳೆಯ ದರ ಕಂಡಾಗ ಮನೆಯವರನ್ನೆಲ್ಲ ಫೋನಿನಲ್ಲಿ ಕೇಳುತ್ತಾ ಕೂರಬೇಡಿ. ಪ್ರಯಾಣಕ್ಕೆ ಕನಿಷ್ಠ 7 ದಿನ ಇದ್ದು ಏರ್‌ಲೈನಿನಿಂದಲೇ ನೇರವಾಗಿ ಕೊಂಡರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು, ಇಲ್ಲವೇ ದುಡ್ಡು ಕಟ್ಟದೆ ಅದೇ ದರವನ್ನು ಹಿಡಿದಿಡಲು ಅಮೆರಿಕದ ಸಾರಿಗೆ ಇಲಾಖೆಯ ನಿಯಮ ಅವಕಾಶ ಕೊಡುತ್ತದೆ. ಎರಡರಲ್ಲಿ ಯಾವುದು ಅಂತ ಏರ್‌ಲೈನ್ ನಿರ್ಧರಿಸುತ್ತದೆ, ಅದನ್ನು ಓದಿಕೊಂಡು ಬುಕ್ ಮಾಡಿ. ವೀಸಾ, ರಜೆ, ಕನೆಕ್ಷನ್ ಎಲ್ಲ ಆ 24 ಗಂಟೆಯಲ್ಲಿ ಕೂತು ನೋಡಿದರಾಯಿತು.